ಪೇಟೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ?

ಇವತ್ತು ನಮ್ಮ ಮನೆಯ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ವರ್ಷ ನಮ್ಮಜ್ಜಿಯ ಪಿಂಚಣಿ ಎರಡು ತಿಂಗಳು ನಿಂತುಹೋಗಿತ್ತು. ಕಾರಣ, ವಿಳಾಸ. ಒಂದು ಕಾಗದದಲ್ಲಿ 'ಕುಂಬಾರಪೇಟೆ', ಇನ್ನೊಂದರಲ್ಲಿ 'ಚಿಕ್ಕಪೇಟೆ'. ಎರಡೂ ಒಂದೇ ಮನೆ! "ಒಂದನ್ನ ಬದಲಾಯಿಸಿಬಿಡೋಣ ಅಜ್ಜಿ" ಅಂದೆ. ಅಜ್ಜಿಗೆ ಸಿಟ್ಟು ಬಂತು. "ನಾನು ಚಿಕ್ಕಪೇಟೆಯವಳಲ್ಲ ಕಣೇ" ಅಂದರು.

ಆಗ ಹುಡುಕೋಕೆ ಶುರು ಮಾಡಿದೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿದರು ಅಂತ ಶಾಲೇಲಿ ಓದಿದ್ದೀವಲ್ಲ, ಆ ಊರು ಅಂದ್ರೆ ಈ ಪೇಟೆಯೇ. ದೊಡ್ಡಪೇಟೆ, ಚಿಕ್ಕಪೇಟೆ ಅಂತ ಎರಡು ಮುಖ್ಯ ಬೀದಿ ಅಡ್ಡ ಹಾಯುತ್ತಿದ್ದವು. ನಾವು ಪುಸ್ತಕ ತರೋಕೆ ಹೋಗೋ ಅವೆನ್ಯೂ ರೋಡೇ ದೊಡ್ಡಪೇಟೆ. ಸುತ್ತಲೂ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ. ಏನು ಮಾರ್ತಾರೆ, ಯಾರು ದುಡೀತಾರೆ ಅನ್ನೋದೇ ಹೆಸರು. ಅರಳೇಪೇಟೆ ಮಾತ್ರ ಇಂಗ್ಲಿಷಿಗೆ ತಿರುಗಿ ಕಾಟನ್‌ಪೇಟೆ ಆಯ್ತು.

ಗಡಿ? ಕೋಟೆ ಗೋಡೆ, ಕಂದಕ, ಬಾಗಿಲುಗಳಿದ್ದವು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಗೆ ನುಗ್ಗಿದ್ದು ಹಲಸೂರು ಬಾಗಿಲಿಂದ. ಇವತ್ತು ಬಾಗಿಲಿಲ್ಲ, 'ಹಲಸೂರು ಗೇಟ್' ಪೊಲೀಸ್ ಠಾಣೆ ಇದೆ. ಹಲಸೂರು ಇರೋದು ಎಲ್ಲೋ, ಠಾಣೆ ಇರೋದು ಇಲ್ಲಿ! ಯಾಕಂದ್ರೆ ಅದು ಹಲಸೂರಿನ ಕಡೆಗೆ ತೆರೆಯುತ್ತಿದ್ದ ಬಾಗಿಲು. ಉತ್ತರದ ಯಲಹಂಕ ಬಾಗಿಲೂ ಹಾಗೇ, ಅದರ ಹೆಸರನ್ನ ಈಗ ಒಂದು ಆಂಜನೇಯನ ಗುಡಿ ಉಳಿಸಿಕೊಂಡಿದೆ.

ಗೋಡೆ ಬಿದ್ದರೂ ಗಡಿ ಬಲ್ಲವರಿದ್ದಾರೆ. ಚೈತ್ರದ ಹುಣ್ಣಿಮೆ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತೆ. ಪೇಟೆಯಿಂದ ಪೇಟೆಗೆ ಸುತ್ತಿ, ಮಸ್ತಾನ್ ಸಾಬ್ ದರ್ಗಾಗೂ ಹೋಗಿ, ಬೆಳಗಾಗೋ ಹೊತ್ತಿಗೆ ವಾಪಸ್. ನನಗೆ ಅದೇ ಪೇಟೆಯ ಅಸಲಿ ಮ್ಯಾಪ್ ಅನ್ನಿಸುತ್ತೆ.

ಫೋನಿನ ಮ್ಯಾಪಲ್ಲಿ ಎಲ್ಲವೂ 'ಚಿಕ್ಕಪೇಟೆ' ಆದರೆ ಡೆಲಿವರಿಗೆ ಸುಲಭ, ನಿಜ. ಆದರೆ ಇಲ್ಲಿ ಮಡಕೆ ಮಾಡೋರು ಇದ್ದರು ಅಂತ ಹೇಳೋಕೆ ಆ ಹೆಸರು ಬಿಟ್ಟರೆ ಬೇರೆ ಏನಿದೆ?

ಕೊನೆಗೆ ಎರಡೂ ಕಾಗದದಲ್ಲಿ 'ಕುಂಬಾರಪೇಟೆ' ಅಂತಲೇ ಬರೆಸಿದ್ವಿ. ನಾಲ್ಕು ಸಲ ಓಡಾಡಬೇಕಾಯ್ತು. ಪಿಂಚಣಿ ಬಂತು.

ನಿಮ್ಮ ಏರಿಯಾದ ಹಳೇ ಹೆಸರೇನು? ಇವತ್ತೇ ಮನೇಲಿ ಹಿರಿಯರನ್ನ ಕೇಳಿ, ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.