ಕಿಸೆಯ ಕಾರ್ಡು, ಮೊಬೈಲಿನ ಕಾರ್ಡು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವ ರೂಢಿ ನನಗಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಹೋದವನು ನಾನು. "ಕಾರ್ಡಿನ ವಿಷಯ ನೀವೇ ಮಾತಾಡ್ರಿ, ಪೆಟ್ಟು ಬಿದ್ದದ್ದು ನಿಮಗೇ" ಎಂದು ಕಾರ್ಯದರ್ಶಿಗಳು ಹೇಳಿದರು. ಅದು ಖರೇನೇ ಆದ ಕಾರಣ ಇಲ್ಲಿ ನಿಂತಿದ್ದೇನೆ.

ನಿರ್ದೇಶಕನಾದ ವರ್ಷ ಹುಮನಾಬಾದಿನಲ್ಲಿ 500 ವಿಜಿಟಿಂಗ್ ಕಾರ್ಡ್ ಹೊಡೆಸಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಅರ್ಧದಷ್ಟು ನೆಂಟರಿಷ್ಟರಿಗೇ ಹೋದವು ಅನ್ನೋದು ಬ್ಯಾರೆ ಮಾತು. ಎರಡು ವರ್ಷದ ಹಿಂದೆ ಕಲಬುರಗಿಯ ಒಂದು ಮೇಳದಲ್ಲಿ ಸೋಲಾಪುರ ಕಡೆಯ ಬೇಳೆ ಮಿಲ್ಲಿನವರೊಬ್ಬರು ನಮ್ಮ ತೊಗರಿ ಸ್ಯಾಂಪಲ್ ಕೈಯಲ್ಲಿ ಹಿಡಿದು ನೋಡಿ ಮೆಚ್ಚಿದರು. ಕಾರ್ಡು ಕೊಟ್ಟೆ. ಕಿಸೆಯಲ್ಲಿ ಇಟ್ಟುಕೊಂಡರು. ಫೋನ್ ಬರಲೇ ಇಲ್ಲ. ಏಳು ಮಂದಿ ಸದಸ್ಯರು ಕೂಡಿಸಿಟ್ಟ 60 ಕ್ವಿಂಟಲ್ ತೊಗರಿಯನ್ನು ಕಡೆಗೆ ಗಂಜಿಗೆ ಒಯ್ದು, ಆ ಸಾಹುಕಾರರು ಹೇಳಿದ್ದಕ್ಕಿಂತ ಕ್ವಿಂಟಲಿಗೆ 300 ರೂಪಾಯಿ ಕಡಿಮೆಗೆ ಕೊಟ್ಟೆವು. ಮರುವರ್ಷ ಅದೇ ಮೇಳದಲ್ಲಿ ಅವರು ಸಿಕ್ಕರು. "ಎರಡು ಸಲ ಹಚ್ಚಿದೆ ಪಾಟೀಲರೇ, ಯಾರೋ ತೆಲುಗಿನಾಗ ಮಾತಾಡಿದ್ರು" ಅಂದರು. ಕಾರ್ಡಿನಲ್ಲಿದ್ದದ್ದು ನನ್ನ ಹಳೇ ನಂಬರು. ರೀಚಾರ್ಜ್ ಮಾಡದೆ ಬಿಟ್ಟಿದ್ದೆ. ಅದು ಬಂದ್ ಆಗಿ ಬೇರೆಯವರ ಪಾಲಾಗಿತ್ತು. ಆ ಏಳು ಮಂದಿಯಲ್ಲಿ ಮೂವರು ಇವತ್ತು ಮುಂದಿನ ಸಾಲಿನಲ್ಲೇ ಕುಂತಾರ. ಅವರ ಮುಖ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಮನೆಯಲ್ಲಿ ಇದನ್ನು ಹೇಳಿದಾಗ ಕಾಲೇಜು ಓದುವ ಮಗಳು, "ಅಪ್ಪಾ, ಈಗ ಕಾಗದದ ಕಾರ್ಡು ಯಾರು ಇಟ್ಕೋತಾರ? ಕ್ಯೂಆರ್ ಮಾಡಿಸು" ಅಂದಳು. ಅಂಗಡಿಯಲ್ಲಿ ರೊಕ್ಕ ಕೊಡುವಾಗ ನಾವು 'ಸ್ಕ್ಯಾನರ್' ಅಂತೀವಲ್ಲ, ಅದೇ ಕಪ್ಪು-ಬಿಳಿ ಚೌಕ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಎಂಬ ಇಂಜಿನಿಯರರು ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದರಂತೆ. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದ ಮೇಲೆ ಚಹಾದ ಅಂಗಡಿಗೂ ಬಂತು. ಆದರೆ ಅದರೊಳಗೆ ರೊಕ್ಕದ ಖಾತೆಯೇ ಇರಬೇಕೆಂದಿಲ್ಲ; ಹೆಸರು, ಊರು, ಫೋನ್ ನಂಬರನ್ನೂ ತುಂಬಬಹುದು. ಎದುರಿನವರು ಕ್ಯಾಮೆರಾ ಹಿಡಿದರೆ ಸಾಕು, ಅವರ ಮೊಬೈಲಿನಲ್ಲಿ ನಮ್ಮ ಹೆಸರು ಕೂಡುತ್ತದೆ. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪುವ ಮಾತೇ ಇಲ್ಲ. ಚೌಕ ತುಸು ಹರಿದರೂ, ಮಣ್ಣು ಹತ್ತಿದರೂ ಸಾಮಾನ್ಯವಾಗಿ ಓದುತ್ತದೆ. ಗಟ್ಟಿ ನಮೂನೆಯಲ್ಲಿ ಮಾಡಿಸಿದರೆ ಶೇಕಡಾ 30ರಷ್ಟು ಕೆಟ್ಟರೂ ನಡೆಯುತ್ತದೆಯಂತೆ. ನಮ್ಮ ಚೀಲಗಳ ಧೂಳಿಗೆ ಇದು ಬೇಕಾದದ್ದೇ.

ನಾನು ಖುಷಿಯಾಗಿ "ಮಾಡಿಸಿಬಿಡು" ಅಂದೆ. ಆಗ ಆಕೆಯೇ ಒಂದು ಮಾತು ಕೇಳಿದಳು: "ನಂಬರು ಮತ್ತ ಬದಲಾದ್ರ?" ನಾನು ಬಾಯಿ ಮುಚ್ಚಿಕೊಂಡೆ. ಹಳೇ ನಂಬರನ್ನು ಕಾಗದದ ಮ್ಯಾಲ ಬರೆದರೂ ಅಷ್ಟೇ, ಚೌಕದಾಗ ಬರೆದರೂ ಅಷ್ಟೇ. ಬೇಕಾದಾಗ ಒಳಗಿನದನ್ನು ಬದಲಿಸಬಹುದಾದ ಕ್ಯೂಆರ್ ಕೂಡ ಇವೆ. ಆದರೆ ಅವು ಮಾಡಿಕೊಟ್ಟ ಕಂಪನಿಯ ಮೇಲೆ ನಿಂತಿರುತ್ತವೆ. ಕೆಲವು ಮೊದಲು ಪುಕ್ಕಟೆ ಅನ್ನುತ್ತವೆ, ಮುಂದೆ ರೊಕ್ಕ ಕೇಳುತ್ತವೆ, ಕೊಡದಿದ್ದರೆ ಚೌಕ ಸತ್ತುಹೋಗುತ್ತದೆ. ನೇರವಾಗಿ ಹೆಸರು-ನಂಬರು ತುಂಬಿದ್ದಕ್ಕೆ ಆ ಹಂಗಿಲ್ಲ, ಇಂಟರ್ನೆಟ್ಟೂ ಬೇಡ.

ಇಲ್ಲಿಂದ ನನಗೆ ಹೊಳೆದದ್ದು ಬೇರೆ. ಅಲ್ಲಿ ಇರಬೇಕಾದದ್ದು ನನ್ನ ನಂಬರಲ್ಲ, ಸಂಘದ ನಂಬರು. ನಮ್ಮ ಮಂಡಳಿಯ ಅವಧಿ ಐದು ವರ್ಷ. ನಾಳೆ ನಾನು ಸೋತರೆ ಸೋಲಾಪುರ, ಲಾತೂರು, ಜಹೀರಾಬಾದ್, ಹೈದರಾಬಾದಿನ ಎಲ್ಲಾ ಗಿರಾಕಿಗಳ ಹೆಸರು ನನ್ನ ಮೊಬೈಲಿನ ಜೊತೆ ನನ್ನ ಮನೆಗೆ ಬರುತ್ತವೆ. ಹೊಸಬರು ಮತ್ತೆ ಮೊದಲಿಂದ ಶುರು ಮಾಡಬೇಕು. 25 ವರ್ಷದಲ್ಲಿ ಹಿಂಗ ಎಷ್ಟು ಡೈರಿಗಳು ಮನೆ ಸೇರಿದವೋ, ಹಿರಿಯರಿಗೆ ಗೊತ್ತಿದೆ. ಯಾರನ್ನೂ ಬೊಟ್ಟು ಮಾಡುವುದಿಲ್ಲ, ನನ್ನ ಡೈರಿಯೂ ಮನೆಯಲ್ಲೇ ಇತ್ತು. ಹೋದ ವಾರ ಅದನ್ನು ಆಫೀಸಿಗೆ ತಂದು ಕೊಟ್ಟಿದ್ದೇನೆ.

ಮಂಡಳಿಯಲ್ಲಿ ಠರಾವು ಆಗಿದೆ. ಸಂಘದ ಹೆಸರಿನಲ್ಲಿ ಒಂದು ಸಿಮ್; ಅದರ ರೀಚಾರ್ಜ್ ಸಂಘದ ಖರ್ಚು, ಮೊಬೈಲು ಆಫೀಸಿನಲ್ಲೇ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿದ್ದೇವೆ. 2018ರಲ್ಲಿ ಬಂದದ್ದು, ಪುಕ್ಕಟೆ. ತೊಗರಿ, ಸೋಯಾ, ಉದ್ದಿನ ಫೋಟೊ ಅದರಲ್ಲೇ ತೋರಿಸಬಹುದು. ಮರಾಠಿಯವರು ಮರಾಠಿಯಲ್ಲಿ ಬರೆದರೂ ಮಾಲಿನ ಫೋಟೊಕ್ಕೆ ಭಾಷೆಯ ತೊಡಕಿಲ್ಲ.

ಇನ್ನು ಹೆದರಿಕೆಯ ಮಾತು. "ತಮ್ಮಾ, ಸ್ಕ್ಯಾನ್ ಮಾಡಿದ್ರ ಖಾತೆದಾಗಿನ ರೊಕ್ಕ ಹೋಗ್ತದಂತಲ್ಲೋ?" ಎಂದು ಒಬ್ಬ ಕಾಕಾ ಕೇಳಿದರು. ಹೆದರಿಕೆ ಸುಳ್ಳಲ್ಲ. ಆದರೆ ಒಂದು ನೆನಪಿಡಿರಿ: ರೊಕ್ಕ ಬರಲು ಪಿನ್ ಒತ್ತುವ ಜರೂರಿಲ್ಲ. ಪಿನ್ ಕೇಳಿತೆಂದರೆ ರೊಕ್ಕ ಹೊರಗೆ ಹೊಂಟದ ಅಂತಲೇ ತಿಳೀರಿ. ನಮ್ಮ ಬೋರ್ಡಿನ ಚೌಕ ಬರೀ ವಿಳಾಸದ್ದು. ಅದರ ಮೇಲೆ ಯಾರಾದರೂ ಬೇರೆ ಚೀಟಿ ಅಂಟಿಸಿದ್ದು ಕಂಡರೆ ಕಿತ್ತು ಕಾರ್ಯದರ್ಶಿಗಳಿಗೆ ಕೊಡಿರಿ. ಮೋಸವಾದರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಿರಿ. ಸದಸ್ಯರ ನಂಬರನ್ನು ಅವರ ಒಪ್ಪಿಗೆ ಇಲ್ಲದೆ ಯಾವ ವ್ಯಾಪಾರಿಗೂ ಕೊಡುವುದಿಲ್ಲ, ಅದನ್ನೂ ಠರಾವಿನಲ್ಲಿ ಬರೆಸಿದ್ದೇವೆ.

ಕಾಗದದ ಕಾರ್ಡು ಪೂರಾ ಬಿಟ್ಟಿಲ್ಲ. ಗಂಜಿನಲ್ಲಿ ವಯಸ್ಸಾದ ಅಡತಿಯವರು ಈಗಲೂ ಕಾರ್ಡೇ ಕೇಳುತ್ತಾರೆ. ಅವರಿಗಾಗಿ 100 ಮಾತ್ರ ಹೊಡೆಸಿದ್ದೇವೆ, ಹಿಂದುಗಡೆ ಅದೇ ಚೌಕ.

ಬೋರ್ಡು ಗೋದಾಮಿನ ಬಾಗಿಲಿಗೆ ಹಾಕಿದೆ. ಊಟಕ್ಕೆ ಹೋಗುವಾಗ ಒಮ್ಮೆ ಮೊಬೈಲು ಹಿಡಿದು ನೋಡಿರಿ. ಬಟನ್ ಫೋನಿನವರು ನಂಬರನ್ನು ಕಾರ್ಯದರ್ಶಿಗಳ ಹತ್ತಿರ ಬರೆಸಿಕೊಳ್ಳಿರಿ. ವೀರಭದ್ರೇಶ್ವರ ಜಾತ್ರೆಯೊಳಗೆ ತೊಗರಿ ಎಷ್ಟು ಚೀಲ ಬರಬಹುದೆಂದು ಅಂದಾಜು ಹೇಳಿದರೆ, ಸೋಲಾಪುರದ ಆ ಸಾಹುಕಾರರಿಗೆ ಈ ಸಲ ನಾವೇ ಫೋನ್ ಹಚ್ಚುತ್ತೇವೆ.