ಕಾಲೇಜು ಬಿಟ್ಟ ಮೇಲಿನ ಆಟ

ಹಿರಿಯೂರು ತಾಲ್ಲೂಕಿನ ನಮ್ಮ ಧರ್ಮಪುರದಲ್ಲಿ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಕೆರೆಯ ಅಂಗಳವೇ ಹುಡುಗರ ಆಟದ ಬಯಲು. ಅಲ್ಲಿ ಓಡಿ ಗಟ್ಟಿಯಾದ ಕಾಲುಗಳನ್ನೇ ನಂಬಿ ನಾನು ಕಾಲೇಜಿನ ಹಾಕಿ ತಂಡ ಸೇರಿದ್ದು. ಕೊನೆಯ ಪರೀಕ್ಷೆ ಮುಗಿದ ದಿನ ತಂಡದ ಅಂಗಿಯನ್ನು ಒಗೆದು, ಮಡಿಸಿ ಹಿಂದಿರುಗಿಸಿದೆ. ಕೋಲು ಮಾತ್ರ ನನ್ನದು. ಅದು ಅಟ್ಟ ಸೇರಿತು. ಕಡೆಗೆ ಹುಣಿಸೆಯ ಕೊಂಬೆ ಬಗ್ಗಿಸುವುದಕ್ಕೆ ಒದಗಿತು.

ಇಪ್ಪತ್ತೆರಡರ ಹರೆಯದಲ್ಲಿ ಕಾಲಿಗೆ ಬಲವಿರುತ್ತದೆ. ಯಾರ ಪರವಾಗಿ ಆಡುವುದೆಂಬುದೇ ತಿಳಿಯದು. ಉತ್ತರ ಅಮೆರಿಕದಲ್ಲಿ ಲ್ಯಾಕ್ರೋಸ್ ಎಂಬ ಆಟವಿದೆ. ತುದಿಗೆ ಬಲೆ ಕಟ್ಟಿದ ಕೋಲಿನಿಂದ ಆಡುವ ಅದು ಅಲ್ಲಿನ ಮೂಲನಿವಾಸಿಗಳದು. ಈಗ ಕಾಲೇಜು ಮುಗಿಸಿದವರು ತಮ್ಮ ತಮ್ಮ ಸೀಮೆಗಳಲ್ಲಿ ಹವ್ಯಾಸಿ ಕೂಟಗಳನ್ನು ಕಟ್ಟಿಕೊಂಡು ಅದನ್ನು ಮುಂದುವರಿಸುತ್ತಾರೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಸೊಗಸಾದ ಉತ್ತರ ಕಂಡುಕೊಂಡವರು ಕೊಡವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ ಬಂದ ತಂಡಗಳು 60. ಒಕ್ಕವೇ ತಂಡ, ಮನೆತನದ ಹೆಸರೇ ಅಂಗಿಯ ಮೇಲಿನ ಹೆಸರು. ಪ್ರತಿ ವರ್ಷವೂ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ; ಕೂಟಕ್ಕೆ ಆ ಕುಟುಂಬದ್ದೇ ಹೆಸರು. ದೇಶಕ್ಕಾಗಿ ಆಡಿದವನ ಪಕ್ಕದಲ್ಲಿ ಕಾಫಿ ತೋಟದಿಂದ ನೇರವಾಗಿ ಬಂದ ಚಿಕ್ಕಪ್ಪ. ಅವನ ಹಿಂದೆ ಶಾಲೆಯ ಹುಡುಗಿ. ಎಲ್ಲರೂ ಒಂದೇ ತಂಡ! 2018ರ ಭೂಕುಸಿತ, ಬಳಿಕ ಕೊರೊನಾ ಬಂದು ಕೆಲವು ವರ್ಷ ನಿಂತ ಆಟ 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ಚಿಗುರಿತು. 2024ರ ಕುಂಡ್ಯೋಳಂಡ ಹಾಕಿ ಉತ್ಸವದಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು.

ನನ್ನ ಮನಸ್ಸು ಹಿಡಿದದ್ದು ಆ ದಾಖಲೆಯಲ್ಲ. ಮೊದಲ ಸುತ್ತಿನಲ್ಲೇ ಸೋತು ಹೋಗುವ ನೂರಾರು ತಂಡಗಳಿವೆಯಲ್ಲ, ಅವು ಮರುವರ್ಷವೂ ಬರುತ್ತವೆ. ಸೋತರೆಂದು ಮನೆತನ ಯಾರನ್ನೂ ತಂಡದಿಂದ ಕೈಬಿಡುವುದಿಲ್ಲವಷ್ಟೆ. ಆದರೆ ಒಕ್ಕದ ಕಟ್ಟು ಕೊಡವರದು. ಅದನ್ನು ಎರವಲು ತಂದು ಬಯಲುಸೀಮೆಯಲ್ಲಿ ನೆಡಲಾಗದು. ನಮಗೆ ಕೇರಿಯಿದೆ, ಊರಿದೆ. ಅವು ತಂಡವಾದಾವೇ ಎಂಬ ಅನುಮಾನ ನನಗೆ ಬಹುಕಾಲ ಇತ್ತು.

ಹೋದ ಬೇಸಿಗೆಯಲ್ಲಿ ತಮ್ಮನ ಮಗ ಪದವಿ ಮುಗಿಸಿ ಊರಿಗೆ ಬಂದ. ಹಿತ್ತಿಲಲ್ಲಿ ಒರಗಿಸಿದ್ದ ಕೋಲನ್ನು ಎತ್ತಿ, ಧೂಳು ಒರೆಸಿ, ತೂಗಿ ನೋಡಿದ.

“ದೊಡ್ಡಪ್ಪ, ನಮ್ಮ ಕೇರಿಯಲ್ಲಿ ಆಡುವವರನ್ನು ಲೆಕ್ಕ ಹಾಕಿದೆ. ಒಂಬತ್ತು ಜನ ಆಗ್ತೀವಿ.”

“ಹಾಕಿಗೆ ಹನ್ನೊಂದು ಬೇಕಲ್ಲಪ್ಪ” ಎಂದೆ.

“ನಿಮ್ಮನ್ನು ಸೇರಿಸಿಯೇ ಒಂಬತ್ತು” ಎಂದ.