ಕಡಿಮೆ ಬಜೆಟ್ಟಿನಲ್ಲಿ ಮೌಂಟನ್ ಬೈಕ್: ಯಾವುದನ್ನು ಕೊಳ್ಳಬಾರದು?

(ಮಹಿಳಾ ವಿಭಾಗವು ದಾದರ್‌ನಲ್ಲಿ ನಡೆಸಿದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಮಂಡಿನೋವಿನ ಬಗ್ಗೆ, ಉಯಿಲು ಬರೆಯುವುದರ ಬಗ್ಗೆ, ಮಕ್ಕಳಿಗೆ ಕನ್ನಡ ಕಲಿಸುವುದರ ಬಗ್ಗೆ ಒಳ್ಳೊಳ್ಳೆಯ ಉಪನ್ಯಾಸಗಳಾಗಿವೆ. ನಾನು ಸೈಕಲ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಕಾರ್ಯಾಧ್ಯಕ್ಷೆಯವರು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. 'ನಿಮಗೆ ಸೈಕಲ್ ಬರ್ತದಾ?' ಎಂದು ಕೇಳಿದರು. ಬರುವುದಿಲ್ಲ. ಕಾರ್ಕಳದ ಕಡೆಯ ನಮ್ಮ ಊರಿನಲ್ಲಿ ಅಣ್ಣ ಕಲಿತ, ನಾನು ಹಿಂದೆ ಓಡಿದೆ, ಅಷ್ಟೇ. ಆದರೆ ಸೈಕಲ್ ಕೊಂಡು ಮೋಸಹೋಗಲು ಸೈಕಲ್ ಬರಬೇಕೆಂದೇನೂ ಇಲ್ಲ. ಆ ವಿಷಯದಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಮೊದಲೇ ಹೇಳಿಬಿಡುತ್ತೇನೆ, ಮೌಂಟನ್ ಬೈಕ್ ಎಂದರೆ ಮೋಟಾರು ಬೈಕ್ ಅಲ್ಲ. ನಮ್ಮ ಮಕ್ಕಳು 'ಗೇರ್ ಸೈಕಲ್' ಎಂದು ಹಟ ಹಿಡಿಯುತ್ತಾರಲ್ಲ, ದಪ್ಪ ಟಯರ್, ಅಡ್ಡ ಹ್ಯಾಂಡಲ್, ಮುಂದೆ ಸ್ಪ್ರಿಂಗು, ಅದೇ.

ನನ್ನ ಮಗಳಿಗೆ ಆಗ ಹದಿನಾಲ್ಕು ವರ್ಷ. ಕಟ್ಟಡದ ಹುಡುಗರೆಲ್ಲ ಭಾನುವಾರ ಬೆಳಿಗ್ಗೆ ಫೈವ್ ಗಾರ್ಡನ್ಸ್ ಕಡೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಇವಳಿಗೂ ಬೇಕು. ನನ್ನ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ದೀಪಾವಳಿಗೆ ಸಿಕ್ಕಿದ ಬೋನಸ್ಸಿನಲ್ಲಿ ಹತ್ತು ಸಾವಿರ ಇದಕ್ಕೆಂದು ತೆಗೆದಿಟ್ಟರು. ಮೊಬೈಲಿನಲ್ಲಿ ಹುಡುಕಿದೆವು. 9,499 ರೂಪಾಯಿಗೆ 21 ಗೇರು, ಹಿಂದೆ ಮುಂದೆ ಎರಡೂ ಕಡೆ ಶಾಕ್, ಎರಡೂ ಕಡೆ ಡಿಸ್ಕ್ ಬ್ರೇಕ್. ಇಷ್ಟು ಕಡಿಮೆಗೆ ಇಷ್ಟೆಲ್ಲ ಹೇಗೆ ಕೊಡುತ್ತಾರೆ ಎಂದು ಕೇಳಬೇಕಾಗಿತ್ತು. ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಕಡಿಮೆ ಹೇಳಿದರೆ ಬಿಚ್ಚಿ ಒಳಗೆ ನೋಡುವವಳು ನಾನು. ಇಲ್ಲಿ ನೋಡಲಿಲ್ಲ.

ದೊಡ್ಡ ರಟ್ಟಿನ ಡಬ್ಬದಲ್ಲಿ ಬಂತು. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು ನಾವೇ ಜೋಡಿಸಬೇಕು. ಯಜಮಾನರೂ ಪಕ್ಕದ ಮನೆಯ ಹುಡುಗನೂ ಸೇರಿ ಜೋಡಿಸಿದರು. ನಾನು ಕುಂಕುಮ ಹಚ್ಚಿ ಆರತಿ ಎತ್ತಿದೆ.

ಮೂರನೆಯ ಭಾನುವಾರ. ತಿಲಕ್ ಸೇತುವೆ ಹತ್ತಿ ಪೂರ್ವದ ಕಡೆಗೆ, ಖೋದಾದಾದ್ ಸರ್ಕಲ್ ಕಡೆಗೆ ಇಳಿಯುವಾಗ ಮಗಳು ಬ್ರೇಕ್ ಒತ್ತಿದಳು. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ಬಂದು ತಾಗಿತು, ಸೈಕಲ್ ನಿಲ್ಲಲಿಲ್ಲ. ಬೆಳಿಗ್ಗೆ ಆರೂವರೆ, ರಸ್ತೆ ಖಾಲಿ ಇತ್ತು, ದೇವರು ದೊಡ್ಡವನು. ಅವಳು ಬೇಕೆಂದೇ ಫುಟ್‌ಪಾತಿಗೆ ಹೊಡೆದು ಬಿದ್ದಳು. ಗಲ್ಲಕ್ಕೆ ನಾಲ್ಕು ಹೊಲಿಗೆ. ಅದೇ ಸರ್ಕಲ್ಲಿನಲ್ಲಿ ಒಂಬತ್ತು ಗಂಟೆಯ ಟ್ರಾಫಿಕ್ ಹೇಗಿರುತ್ತದೆ ಎಂದು ನಿಮಗೆಲ್ಲ ಗೊತ್ತಿದೆ. ಅದನ್ನು ನೆನೆಸಿಕೊಂಡರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಸೈಕಲ್ಲನ್ನು ಗಲ್ಲಿಯ ಮೂಲೆಯ ಪಂಕ್ಚರ್ ಅಂಗಡಿಗೆ ಒಯ್ದೆವು. ಅಲ್ಲಿಯ ಚಾಚಾ ನೋಡಿ ಮೊದಲು ನಕ್ಕರು, ಆಮೇಲೆ ಬೈದರು. ಬ್ರೇಕಿನ ತಂತಿಯನ್ನು ಹಿಡಿದಿಡುವ ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ. ಮುಂದಿನ ಫೋರ್ಕನ್ನೇ ಹಿಂದುಮುಂದಾಗಿ ತಿರುಗಿಸಿಟ್ಟು ಹ್ಯಾಂಡಲ್ ಹಾಕಿದ್ದೆವು! ಅಂದರೆ ಅರ್ಧ ತಪ್ಪು ನಮ್ಮದು. ಉಳಿದರ್ಧ ಸೈಕಲ್ಲಿನದು. ಡಿಸ್ಕಿನ ತಟ್ಟೆ ತೆಳ್ಳಗೆ, ಆಗಲೇ ಸೊಟ್ಟಗಾಗಿತ್ತು. ಎಷ್ಟು ಸರಿ ಮಾಡಿದರೂ ವಾರದಲ್ಲಿ ಬ್ರೇಕ್ ಮತ್ತೆ ಸಡಿಲ. ಚಾಚಾ ಒಂದು ಮಾತು ಹೇಳಿದರು: 'ಬೆಹನ್‌ಜಿ, ಇದು ನೋಡುವ ಸೈಕಲ್, ಓಡಿಸುವ ಸೈಕಲ್ ಅಲ್ಲ.'

ಆಮೇಲೆ ನಾನು ಹಟಕ್ಕೆ ಬಿದ್ದು ಇದನ್ನು ಕಲಿತೆ. ಅಂಗಡಿಗಳನ್ನು ಸುತ್ತಿದೆ, ಓದಿದೆ, ಚಾಚಾರ ಅಂಗಡಿಯ ಮುಂದೆ ಸ್ಟೂಲ್ ಹಾಕಿ ಕೂತೆ. ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯ ಮರೀನ್ ಕೌಂಟಿಯ ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಕಲ್ಲು ಮಣ್ಣಿನ ಏರು ಇಳಿತಕ್ಕೆ ತಕ್ಕಂತೆ ಗೇರು, ಬಲವಾದ ಬ್ರೇಕು, ಆಮೇಲೆ ಸ್ಪ್ರಿಂಗು ಸೇರಿಕೊಂಡವು. ನಿಜವಾದ ಮೌಂಟನ್ ಬೈಕಿನ ಬೆಲೆ ಲಕ್ಷಕ್ಕೂ ಹೋಗುತ್ತದೆ. ಹತ್ತು ಸಾವಿರದಲ್ಲಿ ನಮಗೆ ಸಿಗುವುದು ಅದರ ವೇಷ ಮಾತ್ರ. ಯಕ್ಷಗಾನದಲ್ಲಿ ಕಿರೀಟ ಕಟ್ಟಿದವನು ರಾಜನಾಗುವುದು ರಂಗಸ್ಥಳದಲ್ಲಿ ಮಾತ್ರ ಅಲ್ಲವೇ? ಇಂಥ ಕೆಲವು ಸೈಕಲ್ಲುಗಳ ಜೊತೆ ಬರುವ ಪುಸ್ತಿಕೆಯಲ್ಲೇ 'ಗುಡ್ಡಗಾಡಿನಲ್ಲಿ ಓಡಿಸಬೇಡಿ' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಈಗ ಕೈಯಲ್ಲಿ ಹತ್ತು ಹದಿನೈದು ಸಾವಿರ ಇಟ್ಟುಕೊಂಡು ಹೊರಟವರು ಯಾವುದನ್ನು ಬಿಡಬೇಕು?

ಒಂದು, ಹಿಂದೆಯೂ ಸ್ಪ್ರಿಂಗ್ ಇರುವುದು. ಮಕ್ಕಳ ಕಣ್ಣು ಮೊದಲು ಹೋಗುವುದು ಇದರ ಮೇಲೆ, ನೀವು ಮೊದಲು ಬಿಡಬೇಕಾದದ್ದೂ ಇದೇ. ಪೆಡಲ್ ತುಳಿದಾಗಲೆಲ್ಲ ಸ್ಪ್ರಿಂಗ್ ಕುಗ್ಗುತ್ತದೆ, ತುಳಿದ ಬಲದಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಫ್ರೇಮ್ ಮಡಚುವ ಜಾಗದ ಬುಷ್ ಸವೆದು ಕಿರ್ ಕಿರ್ ಎನ್ನುತ್ತದೆ. ಮೇಲಿಂದ ಭಾರ. ನಮ್ಮದು ಸುಮಾರು 19 ಕಿಲೋ ಇತ್ತು. ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಾಳಿಗೆಗೆ ಅದನ್ನು ಹೊತ್ತು ನೋಡಿ, ಆಮೇಲೆ ಜಿಮ್ ಬೇಡ.

ಎರಡು, ಅಗ್ಗದ ಡಿಸ್ಕ್ ಬ್ರೇಕ್. ಒಳ್ಳೆಯ ಡಿಸ್ಕ್ ಬ್ರೇಕ್ ಮಳೆಯಲ್ಲಿ ಬಹಳ ಚೆನ್ನಾಗಿ ಹಿಡಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಅಗ್ಗದ್ದು ಹಿಡಿಯುವುದೂ ಕಷ್ಟ, ರಿಪೇರಿಯೂ ಕಷ್ಟ. ಅದರ ಬದಲು ರಿಮ್ಮನ್ನು ಎರಡೂ ಕಡೆಯಿಂದ ರಬ್ಬರ್ ತುಂಡು ಒತ್ತಿ ಹಿಡಿಯುವ ವಿ-ಬ್ರೇಕ್, ಅಂಗಡಿಯವರು ಪವರ್ ಬ್ರೇಕ್ ಎನ್ನುತ್ತಾರೆ, ಅದನ್ನು ತೆಗೆದುಕೊಳ್ಳಿ. ರಬ್ಬರ್ ಸವೆದರೆ ಕಣ್ಣಿಗೆ ಕಾಣುತ್ತದೆ, ಯಾವ ಗಲ್ಲಿಯಲ್ಲೂ ಬದಲಿಸುತ್ತಾರೆ. ಮಳೆಯಲ್ಲಿ ಹಿಡಿತ ಸ್ವಲ್ಪ ತಡ, ಆದ್ದರಿಂದ ಮೊದಲೇ ಒತ್ತಲು ಮಕ್ಕಳಿಗೆ ಹೇಳಿಕೊಡಿ.

ಮೂರು, ಗೇರಿನ ಲೆಕ್ಕಕ್ಕೆ ಮರುಳಾಗಬೇಡಿ. ಮುಂದೆ 3 ಹಲ್ಲಿನ ಚಕ್ರ, ಹಿಂದೆ 7, ಗುಣಿಸಿದರೆ 21. ಅದರಲ್ಲಿ ಹಲವು ಗೇರುಗಳು ಹೆಚ್ಚುಕಡಿಮೆ ಒಂದೇ. ಸಮತಟ್ಟಾದ ದಾದರ್, ಮಾಟುಂಗಾ, ಮಾಹಿಮ್‌ನಲ್ಲಿ ಹಿಂದಿನ 7 ಧಾರಾಳ ಸಾಕು. ಲೆಕ್ಕ ಕೇಳುವ ಬದಲು ಗುಣ ಕೇಳಿ. ಶಿಮಾನೋ ಕಂಪನಿಯ ಮೌಂಟನ್ ಬೈಕ್ ಗೇರುಗಳಲ್ಲಿ ಕೆಳಗಿನ ಮೆಟ್ಟಿಲು ಟೂರ್ನಿ, ಡಿಯೋರ್ ಅದಕ್ಕಿಂತ ಮೇಲೆ. ನಮ್ಮ ಬಜೆಟ್ಟಿಗೆ ಟೂರ್ನಿ ಸಿಕ್ಕಿದರೆ ಸಂತೋಷಪಡಿ. ಆದರೆ ಫ್ರೇಮಿನ ಮೇಲೆ ಶಿಮಾನೋ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಎಲ್ಲವೂ ಆ ಕಂಪನಿಯದಲ್ಲ. ಹಿಂದಿನ ಗೇರು ಮಾತ್ರ ಅದಿರಬಹುದು, ಕೈಯಿಂದ ಬದಲಿಸುವ ಶಿಫ್ಟರ್ ಬೇರೆ ಯಾವುದೋ ಇರಬಹುದು. ಬಗ್ಗಿ ಒಂದೊಂದನ್ನೇ ಓದಿ.

ನಾಲ್ಕು, ಹೊಟ್ಟೆ ಉಬ್ಬಿದ ಟಯರಿನ ಫ್ಯಾಟ್ ಬೈಕ್. ನಾಲ್ಕು ಇಂಚು ಅಗಲದ ಆ ಟಯರ್ ಮಾಡಿದ್ದು ಹಿಮಕ್ಕೆ, ಮರಳಿಗೆ. ನಮ್ಮ ಕಾಂಕ್ರೀಟ್ ರಸ್ತೆಯಲ್ಲಿ ಅದು ಬರೀ ಭಾರ. ಪಂಕ್ಚರ್ ಆದರೆ ಆ ಅಳತೆಯ ಟ್ಯೂಬ್ ಗಲ್ಲಿಯ ಅಂಗಡಿಯಲ್ಲಿ ಸಿಗುವುದಿಲ್ಲ.

ಐದು, ಕಡ್ಡಿಗಳಿಲ್ಲದ, ಕಾರಿನಂತೆ ಕಾಣುವ ಚಕ್ರ. ಕಡ್ಡಿಯ ಚಕ್ರ ಸೊಟ್ಟಗಾದರೆ ಕಡ್ಡಿ ಬಿಗಿದು ನೇರ ಮಾಡಬಹುದು. ಇದು ಸೊಟ್ಟಗಾದರೆ ಇಡೀ ಚಕ್ರ ಹೊಸದು. ನಡುವೆ ಮಡಚುವ ಅಗ್ಗದ ಮೌಂಟನ್ ಬೈಕಿಗೂ ಇದೇ ಮಾತು. ಮಡಚುವ ಕೊಂಡಿ ಸಡಿಲವಾದರೆ ಕೂತವರ ಜೀವ ಆ ಕೊಂಡಿಯ ಮೇಲೆ.

ಆರು, ಅಳತೆಯಲ್ಲದ್ದು. 26, 27.5, 29 ಇಂಚು ಎಂದು ಹೇಳುವುದು ಚಕ್ರದ ಅಳತೆ. ಫ್ರೇಮಿನ ಅಳತೆ ಬೇರೆ. 'ಮಗು ಬೆಳೆಯುತ್ತದೆ, ದೊಡ್ಡದೇ ಇರಲಿ' ಎಂದು ಯೂನಿಫಾರ್ಮ್ ಹೊಲಿಸಿದಂತೆ ಸೈಕಲ್ ತರಬೇಡಿ. ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಮೇಲೆ ಎರಡು ಇಂಚಾದರೂ ಜಾಗ ಉಳಿಯಬೇಕು. ಇದನ್ನು ಮೊಬೈಲಿನಲ್ಲಿ ನೋಡಲು ಆಗುವುದಿಲ್ಲ. ಮಗುವನ್ನು ಕರೆದುಕೊಂಡೇ ಅಂಗಡಿಗೆ ಹೋಗಿ.

ಹಾಗಾದರೆ ಏನು ಕೊಳ್ಳಬೇಕು? ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೌಂಟನ್ ಬೈಕೇ ಬೇಡ. ದಾದರ್ ಸ್ಟೇಷನ್ನಿನ ಹೊರಗೆ ಡಬ್ಬಾವಾಲಾಗಳ ಸೈಕಲ್ ನೋಡಿದ್ದೀರಿ. 1890ರಿಂದ ನಡೆದುಬಂದ ಕಸುಬು ಅದು. ಅವರ ಸೈಕಲ್ಲಿನಲ್ಲಿ ಗೇರಿಲ್ಲ, ಸ್ಪ್ರಿಂಗಿಲ್ಲ. ಹ್ಯಾಂಡಲ್ಲಿಗೂ ಕ್ಯಾರಿಯರಿಗೂ ಊಟದ ಡಬ್ಬ ತೂಗಿಸಿಕೊಂಡು ಮಳೆಗಾಲದಲ್ಲೂ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಾರೆ. ನಮ್ಮ ಕರ್ನಾಟಕ ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತಲ್ಲ, ಅದರಲ್ಲಿ ನನ್ನ ಅಕ್ಕನ ಮಗಳಿಗೂ ಒಂದು ಸಿಕ್ಕಿತ್ತು. ಸಾದಾ ಸೈಕಲ್, ಮುಂದೆ ಬುಟ್ಟಿ. ಊರಿನ ಏರುದಾರಿಯಲ್ಲಿ ಇಳಿದು ತಳ್ಳುತ್ತಿದ್ದಳು, ಉಳಿದಲ್ಲಿ ತುಳಿಯುತ್ತಿದ್ದಳು. ಹತ್ತನೆಯ ತರಗತಿ ಮುಗಿಯುವವರೆಗೆ ಟ್ಯೂಬು, ಬ್ರೇಕಿನ ರಬ್ಬರು ಬಿಟ್ಟು ಬೇರೆ ಖರ್ಚಿಲ್ಲ.

ಆದರೂ ಮಗುವಿಗೆ ಮೌಂಟನ್ ಬೈಕೇ ಬೇಕೆಂದರೆ ಇಷ್ಟು ನೋಡಿ: ಹಿಂದೆ ಸ್ಪ್ರಿಂಗ್ ಇಲ್ಲ, ಮುಂದೆಯೂ ಗಟ್ಟಿ ಫೋರ್ಕ್ ಆದರೆ ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಫ್ರೇಮ್ ಸಿಕ್ಕಿದರೆ ನಮ್ಮ ಸಮುದ್ರದ ಗಾಳಿಗೆ ತುಕ್ಕಿನ ಭಯ ಕಡಿಮೆ. ವಿ-ಬ್ರೇಕ್. ಹಿಂದೆ 6 ಅಥವಾ 7 ಗೇರು. ಎರಡು ಇಂಚಿನ ಆಸುಪಾಸಿನ ಟಯರ್, ನಮ್ಮ ಪೇವರ್ ಬ್ಲಾಕುಗಳ ಕುಲುಕಾಟಕ್ಕೆ ಅದೇ ಶಾಕ್. ಹೊಸದಕ್ಕೆ ದುಡ್ಡು ಸಾಲದಿದ್ದರೆ ಒಳ್ಳೆಯ ಹಳೆಯದು ಹುಡುಕಿ. ಬೆಸುಗೆಯ ಜಾಗದಲ್ಲಿ ಬಿರುಕು ಇದೆಯೇ, ಚಕ್ರ ಎತ್ತಿ ತಿರುಗಿಸಿದರೆ ಓಲಾಡುತ್ತದೆಯೇ, ಮುಂದಿನ ಬ್ರೇಕ್ ಒತ್ತಿ ಹಿಂದೆ ಮುಂದೆ ಅಲುಗಿಸಿದರೆ ಹ್ಯಾಂಡಲಿನ ಬುಡದಲ್ಲಿ ಟಕ್ ಟಕ್ ಎನ್ನುತ್ತದೆಯೇ ನೋಡಿ. ಬಿಲ್ ಕೇಳಿ ಪಡೆಯಿರಿ.

ಡಬ್ಬದಲ್ಲಿ ಬಂದ ಸೈಕಲ್ ಆದರೆ ನಮ್ಮಂತೆ ಶೂರತನ ತೋರಿಸಬೇಡಿ. ಮುನ್ನೂರು ನಾನೂರು ಕೊಟ್ಟು ಮೆಕ್ಯಾನಿಕ್ಕಿನಿಂದ ಜೋಡಿಸಿ. ಹದಿನೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಒಯ್ಯಿರಿ, ಹೊಸ ತಂತಿಗಳು ಸ್ವಲ್ಪ ಎಳೆದುಕೊಳ್ಳುತ್ತವೆ. ಹೊರಡುವ ಮೊದಲು ದಿನಾ ಮೂರು: ಗಾಳಿ, ಬ್ರೇಕು, ಚೈನು. ಮಳೆಗಾಲದಲ್ಲಿ ಬಂದ ಕೂಡಲೇ ಚೈನು ಒರೆಸಿ ಚೈನಿನ ಎಣ್ಣೆ ಬಿಡಿ. ನಮ್ಮ ಅತ್ತೆ ಪ್ರೀತಿಯಿಂದ ತೆಂಗಿನೆಣ್ಣೆ ಹಚ್ಚಿದ್ದರು. ದಾದರಿನ ಧೂಳೆಲ್ಲ ಅದಕ್ಕೆ ಅಂಟಿ ಚೈನು ಕರಿ ಹಗ್ಗದಂತಾಗಿತ್ತು.

ಕೊನೆಯದಾಗಿ ಒಂದು ಮಾತು. ನಮಗೆ ಆದ ನಷ್ಟವನ್ನು ನಾನು ಮೊದಲು ರೂಪಾಯಿಯಲ್ಲಿ ಲೆಕ್ಕ ಹಾಕಿದ್ದೆ. 9,499, ರಿಪೇರಿಗೆ 2,300, ಡಾಕ್ಟರ ಫೀಸು. ಕೊನೆಗೆ ಗುಜರಿಗೆ ಕೊಟ್ಟಾಗ ಕೈಗೆ ಬಂದದ್ದು 600. ಯಜಮಾನರು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ನೋವಾಯಿತು.

ಆದರೆ ಆ ಲೆಕ್ಕದಲ್ಲಿ ಬರದ ಒಂದು ನಷ್ಟ ಇತ್ತು. ಬಿದ್ದ ಮೇಲೆ ಮಗಳು ಒಂದು ವರ್ಷ ಸೈಕಲ್ ಮುಟ್ಟಲಿಲ್ಲ. ನಾವು ಎಷ್ಟು ಹೇಳಿದರೂ ಅವಳದ್ದು ಒಂದೇ ಮಾತು: 'ನನಗೆ ಬ್ಯಾಲೆನ್ಸ್ ಇಲ್ಲಮ್ಮ, ನನಗೆ ಇದೆಲ್ಲ ಆಗುವುದಿಲ್ಲ.' ಏರಿನಲ್ಲಿ ಹಿಂದೆ ಉಳಿಯುತ್ತಿದ್ದದ್ದು ತನ್ನ ಕಾಲಿನಲ್ಲಿ ಶಕ್ತಿಯಿಲ್ಲದ್ದಕ್ಕೆ ಎಂದುಕೊಂಡಿದ್ದಳು, ಸೈಕಲ್ಲಿನ ಭಾರಕ್ಕೆಂದು ಅಲ್ಲ. ಬಿದ್ದದ್ದು ತನ್ನ ದಡ್ಡತನಕ್ಕೆ ಎಂದುಕೊಂಡಿದ್ದಳು. ಕೆಟ್ಟ ಸೈಕಲ್ ಕೊಟ್ಟು, ಮಗುವಿಗೆ ತನ್ನ ಮೇಲೆಯೇ ಅಪನಂಬಿಕೆ ಬರುವಂತೆ ಮಾಡಿದ್ದೆ ನಾನು.

ಹಿಂದೂ ಕಾಲೊನಿಯ ಒಬ್ಬರ ಮಗ ಓದಲು ವಿದೇಶಕ್ಕೆ ಹೋದಾಗ ಅವನ ಸೈಕಲ್ 6,000ಕ್ಕೆ ಸಿಕ್ಕಿತು. ಗಟ್ಟಿ ಫೋರ್ಕ್, 7 ಗೇರು, ವಿ-ಬ್ರೇಕ್. ನೋಡಲು ಏನೂ ಇಲ್ಲ. ಚಾಚಾ ಸುತ್ತು ಹಾಕಿ ನೋಡಿ ಒಪ್ಪಿಗೆ ಕೊಟ್ಟರು. ಮಗಳು ಒಲ್ಲೆ ಒಲ್ಲೆ ಎನ್ನುತ್ತಲೇ ಶಿವಾಜಿ ಪಾರ್ಕಿನ ಸುತ್ತ ಒಂದು ಸುತ್ತು ಹೋದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಒಂದು ಸುತ್ತು ಮುಗಿಸಿ ನನ್ನ ಮುಂದೆ ನಿಲ್ಲದೆ ಎರಡನೆಯ ಸುತ್ತಿಗೆ ಹೋದಳು. ಮೂರನೆಯ ಸುತ್ತು ಮುಗಿಸಿ ಬಂದು, ನನ್ನ ಮುಂದೆಯೇ ಬ್ರೇಕ್ ಒತ್ತಿ ನಿಲ್ಲಿಸಿ, 'ಅಮ್ಮ, ಇದು ನಿಲ್ಲುತ್ತದೆ' ಎಂದಳು.

ಈಗ ಭಾನುವಾರ ಕಟ್ಟಡದ ಚಿಕ್ಕ ಹುಡುಗಿಯರ ಸೈಕಲ್ಲಿನ ಬ್ರೇಕ್ ಒತ್ತಿ ನೋಡಿಯೇ ಹೊರಗೆ ಬಿಡುವವಳು ಅವಳು. ಮುಂದಿನ ಚಳಿಗಾಲದಲ್ಲಿ ನನಗೂ ಕಲಿಸುತ್ತಾಳಂತೆ. ನನ್ನ ಹಿಂದೆ ಓಡಲು ಈಗ ಅವಳಿದ್ದಾಳೆ.

ಯಾರ ಮನೆಯಲ್ಲಾದರೂ ಸೈಕಲ್ ಕೊಳ್ಳುವ ಮಾತು ನಡೆದಿದ್ದರೆ ಚಹಾದ ಹೊತ್ತಿಗೆ ನನ್ನನ್ನು ಹಿಡಿಯಿರಿ. ಅಂಗಡಿಗೆ ಜೊತೆಯಲ್ಲಿ ಬರಲೂ ಸಿದ್ಧ.